ಬ್ಯಾರಲ್ಲೂ ವಿಮಾ ಕಂತೂ ಮೇ ತಿಂಗಳಲ್ಲೇ: ವಿಜಯಪುರ ಜಿಲ್ಲಾ ಉಸ್ತುವಾರಿ ಸಚಿವರಿಗೆ ಬಹಿರಂಗ ಪತ್ರ

ಸನ್ಮಾನ್ಯ ಜಿಲ್ಲಾ ಉಸ್ತುವಾರಿ ಸಚಿವರಿಗೆ,
ವಿಜಯಪುರ.

ವಿಷಯ: ಡೆಂಗಿ ತಡೆಗೆ ನೀರಿನ ಪಾಳಿ ಸರಿಪಡಿಸುವುದು ಹಾಗೂ ಜ್ವರದ ಹಂಗಾಮಿನಲ್ಲಿ ವಿಮಾ ಕಂತಿಗೆ ಕಾಲಾವಕಾಶ ಮತ್ತು ನೆರವು ಕೊಡಿಸುವುದು.

ಮಾನ್ಯರೇ,

ಡೆಂಗಿಯ ವಿಚಾರ ಸಭೆಗಳಿಗೆ ಬರುವುದು ಬಹುತೇಕ ಆಸ್ಪತ್ರೆಯ ವಾರ್ಡುಗಳು ತುಂಬಿದ ಮೇಲೆ. ಆ ಹೊತ್ತಿಗೆ ಎರಡು ದೊಡ್ಡ ಕೆಲಸಗಳ ಕಾಲ ಮೀರಿರುತ್ತದೆ. ಬೇಸಿಗೆಯಲ್ಲಿ ಬ್ಯಾರಲ್ಲಿನ ಒಳಗೋಡೆಗೆ ಅಂಟಿದ್ದ ತತ್ತಿಗಳು ಸೊಳ್ಳೆಯಾಗಿ ಹಾರಾಡುತ್ತಿರುತ್ತವೆ. ಗಾಬರಿಬಿದ್ದು ಆಗ ಆರೋಗ್ಯ ವಿಮೆ ಮಾಡಿಸಿದರೂ ಮೊದಲ 30 ದಿನ ಅಪಘಾತ ಬಿಟ್ಟರೆ ಬೇರಾವ ಕಾಯಿಲೆಗೂ ಪರಿಹಾರ ಸಿಗುವುದಿಲ್ಲ. ಅದಕ್ಕೇ ನಮ್ಮ ಬೇಡಿಕೆ ಒಂದೇ ಇದೆ: ಸೊಳ್ಳೆಯ ಕೆಲಸ, ವಿಮೆಯ ಕೆಲಸ ಎರಡೂ ಮೇ ತಿಂಗಳು ಮುಗಿಯುವುದರೊಳಗೆ ಆಗಬೇಕು, ಎರಡನ್ನೂ ತಾವು ಒಂದೇ ಮೇಜಿನ ಮೇಲೆ ಇಟ್ಟು ಕೇಳಬೇಕು. ಆಸ್ಪತ್ರೆ, ಪ್ರಯೋಗಾಲಯ ಮತ್ತು ವಿಮಾ ಕ್ಲೇಮುಗಳ ಕೆಲಸ ಬಲ್ಲ ನಾವು ಕೆಲವರು ಕೂಡಿ ಇದನ್ನು ಬರೆಯುತ್ತಿದ್ದೇವೆ.

ಮೊದಲು ನೀರು. ಡೆಂಗಿ, ಚಿಕೂನ್‌ಗುನ್ಯಾ ಹರಡುವ ಈಡಿಸ್ ಈಜಿಪ್ಟೈ ಸೊಳ್ಳೆ ಗಟಾರದಲ್ಲಿ ಹುಟ್ಟುವುದಿಲ್ಲ. ಗಟಾರದ್ದು ಕ್ಯೂಲೆಕ್ಸ್, ಅದು ರಾತ್ರಿ ಕಚ್ಚುತ್ತದೆ, ಆನೆಕಾಲು ರೋಗ ಹರಡುತ್ತದೆ. ಈಡಿಸ್‌ಗೆ ಬೇಕಾದದ್ದು ಮನೆಯಲ್ಲಿ, ಅಂಗಳದಲ್ಲಿ ನಾವೇ ತುಂಬಿಟ್ಟ ತಿಳಿನೀರು. ಅದು ಕಚ್ಚುವುದು ಹಗಲು, ಹೆಚ್ಚಾಗಿ ಬೆಳಗಿನ ಹೊತ್ತು ಮತ್ತು ಹೊತ್ತು ಮುಳುಗುವ ಮುಂಚಿನ ಎರಡು ತಾಸು. ಹುಟ್ಟಿದ ಜಾಗದಿಂದ ಕೆಲವು ನೂರು ಮೀಟರ್ ದಾಟಿ ಅದು ಹೋಗುವುದು ಅಪರೂಪ. ಅಂದರೆ ಒಂದು ಓಣಿಯಲ್ಲಿ ನಾಲ್ಕು ಜನಕ್ಕೆ ಡೆಂಗಿ ಬಂದರೆ ಅದರ ತಾಯಿಬೇರು ಅದೇ ಓಣಿಯ ಯಾವುದೋ ಬ್ಯಾರಲ್ಲಿನಲ್ಲಿ, ಹೌದಿನಲ್ಲಿ (ನೀರು ತುಂಬುವ ತೊಟ್ಟಿ) ಅಥವಾ ಕೂಲರಿನಲ್ಲಿ ಇದೆ. ಗಟಾರಕ್ಕೆ ಪುಡಿ ಚೆಲ್ಲಿ ಡೆಂಗಿ ತಡೆದೆವು ಎಂದು ವರದಿ ಬರೆಯುವುದನ್ನು ದಯವಿಟ್ಟು ನಿಲ್ಲಿಸಲು ಹೇಳಿ. ಗಟಾರ ಸ್ವಚ್ಛ ಇರಬೇಕು ನಿಜ, ಆದರೆ ಅದು ಬೇರೆ ಕೆಲಸ.

ತಾಜ್ ಬಾವಡಿ, ಚಾಂದ್ ಬಾವಡಿ, ಬೇಗಂ ತಲಾಬ್ ಕಟ್ಟಿ ಇಡೀ ಊರಿಗೆ ನೀರು ಹಂಚಿದ ನಗರ ನಮ್ಮದು. ಇಂದು ಆ ಸಂಗ್ರಹ ಒಡೆದು ಮನೆಮನೆಯ 200 ಲೀಟರಿನ ಬ್ಯಾರಲ್ಲಿಗೆ ಬಂದು ನಿಂತಿದೆ. ಆಲಮಟ್ಟಿ ನಮ್ಮ ಜಿಲ್ಲೆಯಲ್ಲೇ ಇದ್ದರೂ ನಳದ ನೀರು ದಿನಾ ಬರುತ್ತದೆಂಬ ನಂಬಿಕೆ ಇಲ್ಲದ ಮನೆ ನೀರು ತುಂಬಿಡದೆ ಬೇರೇನು ಮಾಡೀತು? ತೊಂದರೆ ಇರುವುದು ಲೆಕ್ಕದಲ್ಲಿ. ಈಡಿಸ್‌ನ ತತ್ತಿ ನೀರಿಗೆ ಬಿದ್ದು, ಹುಳುವಾಗಿ, ಕೋಶವಾಗಿ, ರೆಕ್ಕೆ ಬಂದು ಹಾರಲು ನಮ್ಮ ಸೆಕೆಗೆ 7ರಿಂದ 10 ದಿನ ಸಾಕು. ನೀರಿನ ಪಾಳಿ ಎಂಟು ದಿನಕ್ಕೊಮ್ಮೆ ಅಥವಾ ಅದಕ್ಕಿಂತ ತಡವಾದರೆ, ಆ ಓಣಿಯ ಪ್ರತಿ ಬ್ಯಾರಲ್ಲೂ ಒಂದು ಪೀಳಿಗೆ ಸೊಳ್ಳೆ ಹೊರಬಿಡಲು ಬೇಕಾದಷ್ಟು ಕಾಲ ತುಂಬಿಯೇ ಇರುತ್ತದೆ.

ಪೂರಾ ಖಾಲಿ ಮಾಡಿದರೂ ಸಾಲದು. ಈ ಸೊಳ್ಳೆ ತತ್ತಿ ಇಡುವುದು ನೀರಿನ ಮೇಲಲ್ಲ, ನೀರಿನ ಅಂಚಿಗಿಂತ ತುಸು ಮೇಲೆ, ಒದ್ದೆ ಗೋಡೆಯ ಮೇಲೆ. ಒಣಗಿದ ಬ್ಯಾರಲ್ಲಿನಲ್ಲೂ ಆ ತತ್ತಿ ತಿಂಗಳುಗಟ್ಟಲೆ ಬದುಕುತ್ತದೆ. ಮತ್ತೆ ನೀರು ತಾಗಿದ ಕೂಡಲೇ ಒಡೆಯುತ್ತದೆ. ಹಾಗಾಗಿ ನೀರು ಚೆಲ್ಲಿ, ಮಗುಚಿ ಇಟ್ಟು, ಪಾಳಿ ಬಂದಾಗ ತುಂಬಿಕೊಂಡರೆ ಹಳೆಯ ತತ್ತಿಗೇ ಹೊಸ ನೀರು ಕೊಟ್ಟಂತಾಗುತ್ತದೆ. ತೆಂಗಿನ ನಾರು ಅಥವಾ ಗಟ್ಟಿ ಬ್ರಷ್‌ನಿಂದ ಬಾಯಿಯಿಂದ ತಳದವರೆಗೆ ಉಜ್ಜಬೇಕು, ಅದರಲ್ಲೂ ನೀರಿನ ಗೆರೆ ಮೂಡಿದ ಕಡೆ ಒತ್ತಿ ಉಜ್ಜಬೇಕು. ಬ್ಲೀಚಿಂಗ್ ಪುಡಿ ಕಲಸಿದ ನೀರು ಹಚ್ಚಿ ಕಾಲು ಗಂಟೆ ಬಿಟ್ಟು ಉಜ್ಜಿದರೆ ಇನ್ನೂ ಒಳ್ಳೆಯದು. ತೊಳೆದ ನೀರನ್ನು ಬಿಸಿಲಿನ ಒಣ ನೆಲಕ್ಕೆ ಚೆಲ್ಲಬೇಕು. ಮುಚ್ಚಳ ಇಲ್ಲದ ಬ್ಯಾರಲ್ಲಿಗೆ ಧೋತರದ ಬಟ್ಟೆ ಎರಡು ಮಡಿಕೆ ಮಾಡಿ ಬಾಯಿಗೆ ಬಿಗಿದು, ಸೈಕಲ್ ಟ್ಯೂಬಿನ ಪಟ್ಟಿಯಿಂದ ಕಟ್ಟಬೇಕು. ಬಟ್ಟೆ ಜೋತು ನೀರಿಗೆ ತಾಗಿದರೆ ಸೊಳ್ಳೆ ಆ ಒದ್ದೆ ಬಟ್ಟೆಯ ಮೇಲೇ ತತ್ತಿ ಇಡುತ್ತದೆ, ಕಟ್ಟಿದ ಶ್ರಮ ಹಾಳು.

ಇಲಾಖೆ ವಾರಕ್ಕೊಮ್ಮೆ ಒಣ ದಿನ, ಅಂದರೆ ತುಂಬಿಟ್ಟ ನೀರೆಲ್ಲ ಖಾಲಿ ಮಾಡಿ ಒಣಗಿಸುವ ದಿನ, ಮಾಡಿ ಎನ್ನುತ್ತದೆ. ಶುಕ್ರವಾರವೋ ಭಾನುವಾರವೋ ಇಡೀ ಜಿಲ್ಲೆಗೆ ಒಂದೇ ದಿನ ಗೊತ್ತುಮಾಡಿದರೆ, ಆ ದಿನ ಅರ್ಧ ಬ್ಯಾರಲ್ ನೀರಿರುವ ತಾಯಿ ಅದನ್ನು ಚೆಲ್ಲುವುದಿಲ್ಲ, ಚೆಲ್ಲಲೂಬಾರದು. ಮುಂದಿನ ನೀರು ಯಾವಾಗ ಬರುತ್ತದೆ ಎಂಬುದು ಆಕೆಗೆ ಗೊತ್ತಿರುವುದಿಲ್ಲ. ಒಣ ದಿನವನ್ನು ಪಾಳಿಗೆ ಕಟ್ಟಿ. ನೀರು ಬಿಡುವ ಹಿಂದಿನ ಸಂಜೆ ಪಂಚಾಯಿತಿಯ ನೀರುಗಂಟಿ, ನಗರದಲ್ಲಿ ವಾಲ್ವ್ ತಿರುಗಿಸುವವರು, ಓಣಿಯ ವಾಟ್ಸ್‌ಆ್ಯಪ್ ಗುಂಪಿಗೆ, ಗುಡಿ ಮತ್ತು ಮಸೀದಿಯ ಮೈಕಿಗೆ ಒಂದೇ ಸಾಲು ಕೊಡಲಿ: ನಾಳೆ ಬೆಳಿಗ್ಗೆ ಇಷ್ಟು ಗಂಟೆಗೆ ನೀರು, ಇಂದು ರಾತ್ರಿ ಬ್ಯಾರಲ್ ಖಾಲಿ ಮಾಡಿ ಉಜ್ಜಿಡಿ. ಉಳಿದ ನೀರು ಬಟ್ಟೆಗೆ, ಪಾತ್ರೆಗೆ, ದನಕ್ಕೆ ಆಗುತ್ತದೆ, ಒಂದು ಹನಿಯೂ ಹಾಳಾಗುವುದಿಲ್ಲ. ಇದಕ್ಕೆ ಹೊಸ ದುಡ್ಡು ಬೇಡ, ಹೇಳಿದ ಹೊತ್ತಿಗೆ ನೀರು ಬರಬೇಕು ಅಷ್ಟೆ. ಎರಡು ಸಲ ಮಾತು ತಪ್ಪಿದರೆ ಮೂರನೆಯ ಸಲ ಯಾರೂ ಬ್ಯಾರಲ್ ಖಾಲಿ ಮಾಡುವುದಿಲ್ಲ. ಡೆಂಗಿ ತಡೆಯ ಪಟ್ಟಿಯಲ್ಲಿ ಆಶಾ ಕಾರ್ಯಕರ್ತೆಯರ ಹೆಸರಿರುತ್ತದೆ, ನೀರುಗಂಟಿಯದು ಇರುವುದಿಲ್ಲ. ನಮ್ಮ ಪ್ರಕಾರ ಮೊದಲ ಹೆಸರು ಅವರದೇ ಇರಬೇಕು. ಪಾಳಿಯ ಅಂತರ ಮಾತ್ರ ಯಾವ ಕಾರಣಕ್ಕೂ ಆರು ದಿನ ದಾಟಬಾರದು.

ಖಾಲಿ ಮಾಡಲಾಗದ ಸಿಮೆಂಟ್ ಹೌದು, ದನ ನೀರು ಕುಡಿಯುವ ತೊಟ್ಟಿ, ನೆಲದೊಳಗಿನ ಟಾಕಿ ಇವುಗಳಿಗೆ ಗಪ್ಪಿ ಅಥವಾ ಗಂಬೂಸಿಯಾ ಮೀನು ಬಿಡಬಹುದು. ಹುಳು ಕೊಲ್ಲುವ ಔಷಧ ಟೆಮೆಫಾಸ್ ಹಾಕುವುದಾದರೆ ಅದರ ಸಕ್ರಿಯಾಂಶದ ಪ್ರಮಾಣ ಲೀಟರಿಗೆ ಒಂದು ಮಿಲಿಗ್ರಾಂ; 200 ಲೀಟರಿಗೆ 200 ಮಿಲಿಗ್ರಾಂ, 1,000 ಲೀಟರಿನ ಟಾಕಿಗೆ ಒಂದು ಗ್ರಾಂ ಸಕ್ರಿಯಾಂಶ. ಪಾತ್ರೆಯ ಅಳತೆ ತೆಗೆಯದೆ ಕಣ್ಣಂದಾಜಿಗೆ ಹಾಕಿದರೆ ಎರಡು ತಪ್ಪಾಗುತ್ತವೆ: ಕಡಿಮೆ ಬಿದ್ದರೆ ಹುಳು ಸಾಯುವುದಿಲ್ಲ, ಹೆಚ್ಚಾದರೆ ನೀರು ವಾಸನೆ ಹೊಡೆದು ಮನೆಯವರು ಮುಂದಿನ ಸಲ ಬಾಗಿಲು ತೆಗೆಯುವುದಿಲ್ಲ. ಮೀನು ಬಿಟ್ಟ ನೀರಿಗೆ ಔಷಧ, ಬ್ಲೀಚಿಂಗ್ ಎರಡೂ ಬೇಡ. ನಮ್ಮ ಬಿಸಿಲಿಗೆ ಮನೆಮನೆಗೆ ಬಂದಿರುವ ಕೂಲರ್‌ಗಳನ್ನು ಸಮೀಕ್ಷೆಯವರು ಸಾಮಾನ್ಯವಾಗಿ ಮರೆಯುತ್ತಾರೆ. ಮಳೆ ಬಿದ್ದ ಮೇಲೆ ಕೂಲರ್ ಬಂದ್ ಆಗುತ್ತದೆ, ತಳದ ನೀರು ಹಾಗೇ ನಿಲ್ಲುತ್ತದೆ. ಜೂನ್ ಮೊದಲ ವಾರವೇ ಅದರ ಹುಲ್ಲಿನ ಪ್ಯಾಡ್ ತೆಗೆದು ಒಣಗಿಸಿ, ತಳ ಉಜ್ಜಿ, ಮಗುಚಿ ಇಡಬೇಕು. ಫ್ರಿಜ್ಜಿನ ಹಿಂದಿನ ತಟ್ಟೆ, ಟೈರ್ ಅಂಗಡಿ, ಗುಜರಿ, ಕಟ್ಟಡದ ಕ್ಯೂರಿಂಗ್ ನೀರು, ದ್ರಾಕ್ಷಿ ತೋಟದಲ್ಲಿ ಔಷಧ ಕಲಸುವ ಬ್ಯಾರಲ್ಲು ಇವೂ ಪಟ್ಟಿಗೆ ಸೇರಲಿ.

ಹೊಗೆ ಯಂತ್ರದ ಬಗ್ಗೆ ನೇರವಾಗಿ ಹೇಳುತ್ತೇವೆ. ಬೀದಿಯಲ್ಲಿ ಹೊಗೆ ಬಿಡುತ್ತ ಹೋಗುವುದು ಕಣ್ಣಿಗೆ ಕಾಣುವ ಕೆಲಸ, ಆದರೆ ಅದು ಕೊಲ್ಲುವುದು ಆ ಕ್ಷಣ ಹಾರುತ್ತಿರುವ ಸೊಳ್ಳೆಯನ್ನು ಮಾತ್ರ. ಹುಳುವಿಗೂ ತತ್ತಿಗೂ ಏನೂ ಆಗುವುದಿಲ್ಲ. ಈಡಿಸ್ ಕೂರುವುದು ಮನೆಯೊಳಗೆ, ಮಂಚದ ಕೆಳಗೆ, ತೂಗುಹಾಕಿದ ಬಟ್ಟೆಯ ಹಿಂದೆ. ಡೆಂಗಿ ಖಚಿತವಾದ ಮನೆ ಮತ್ತು ಅದರ ಸುತ್ತಲಿನ ಮನೆಗಳ ಒಳಗೆ ಸೊಳ್ಳೆ ಕೊಲ್ಲುವ ಪೈರೆಥ್ರಮ್ ಸಿಂಪಡಿಸಬೇಕು. ಶೇ 2ರ ಸತ್ವದ ಒಂದು ಪಾಲಿಗೆ 19 ಪಾಲು ಸೀಮೆಎಣ್ಣೆ ಎಂಬುದು ಅದರ ಅಳತೆ. ಸೀಮೆಎಣ್ಣೆ ಈಗ ಕೇಳಿದ ಕೂಡಲೇ ಸಿಗುವ ವಸ್ತುವಲ್ಲ, ಅದನ್ನೂ ಮೇ ತಿಂಗಳಲ್ಲೇ ತರಿಸಿಡಬೇಕು. ಸಮೀಕ್ಷೆಯ ಅಂಕಿಗಳನ್ನು ಓಣಿವಾರು ಪ್ರಕಟಿಸಿ. ನೋಡಿದ 100 ಮನೆಗಳಲ್ಲಿ ಎಷ್ಟರಲ್ಲಿ ಹುಳು ಸಿಕ್ಕಿತು ಎಂಬುದು ಮನೆ ಸೂಚ್ಯಂಕ. ಅದು 10 ದಾಟಿದರೆ ಆ ಓಣಿ ಅಪಾಯದಲ್ಲಿದೆ ಎಂದರ್ಥ. ತಾಲ್ಲೂಕಿನ ಸರಾಸರಿ ಕೊಟ್ಟರೆ ಕೆಟ್ಟ ಓಣಿ ಒಳ್ಳೆಯ ಓಣಿಗಳ ಹಿಂದೆ ಅಡಗಿಬಿಡುತ್ತದೆ.

ದಂಡದ ಮಾತೂ ಇದೆ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡ ಗೊತ್ತುಮಾಡಿತು: ಮನೆಗೆ ನಗರದಲ್ಲಿ 400, ಹಳ್ಳಿಯಲ್ಲಿ 200 ರೂಪಾಯಿ, ವಾಣಿಜ್ಯ ಜಾಗಗಳಿಗೆ 1,000 ಮತ್ತು 500, ಖಾಲಿ ನಿವೇಶನ, ಕಟ್ಟಡ ಕಾಮಗಾರಿಗೆ 2,000 ಮತ್ತು 1,000. ಈ ದಂಡವನ್ನು ಕೊನೆಯ ಸಾಲಿನಿಂದ ಶುರು ಮಾಡಿ. ಖಾಲಿ ಪ್ಲಾಟಿನ ಒಡೆಯ, ಕಾಮಗಾರಿಯ ಗುತ್ತಿಗೆದಾರ ಮೊದಲು ಕಟ್ಟಲಿ. ಹತ್ತು ದಿನ ನೀರು ಬಿಡದೆ, ತುಂಬಿಟ್ಟುಕೊಂಡವರಿಗೆ 200 ರೂಪಾಯಿ ರಶೀದಿ ಹರಿಯುವುದು ಅನ್ಯಾಯ. ಆ ಮನೆಗೆ ಮೊದಲು ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಮುಕ್ತ ನಿಧಿಯಿಂದ ಒಂದು ಮುಚ್ಚಳ ಕೊಡಿಸಿ.

ಇನ್ನು ಜ್ವರ ಬಂದ ಮನೆ. ಸೋಂಕಿತ ಸೊಳ್ಳೆ ಕಚ್ಚಿದ 4ರಿಂದ 10 ದಿನಕ್ಕೆ ಜ್ವರ ಏರುತ್ತದೆ. ಕಣ್ಣಿನ ಹಿಂದೆ ನೋವು, ಕೀಲು ಮುರಿದಂತಹ ನೋವು, ವಾಕರಿಕೆ. ನಮ್ಮ ಕಡೆ ಜ್ವರ ಬಂದರೆ ಸೂಜಿ ಮಾಡಿಸಿಕೊಂಡು ಬರುವ ರೂಢಿ ಇದೆ. ಆ ಸೂಜಿ ಬಹಳ ಸಲ ಡೈಕ್ಲೋಫೆನಾಕ್ ಆಗಿರುತ್ತದೆ, ಜೊತೆಗೆ ಕೆಲವೊಮ್ಮೆ ಸ್ಟೀರಾಯ್ಡ್. ಡೆಂಗಿಯಲ್ಲಿ ಈ ಎರಡೂ, ಐಬುಪ್ರೊಫೆನ್, ಆಸ್ಪಿರಿನ್ ಕೂಡ, ಅಪಾಯ. ಪ್ಲೇಟ್‌ಲೆಟ್ ಇಳಿಯುತ್ತಿರುವ ಮೈಯಲ್ಲಿ ಇವು ಹೊಟ್ಟೆಯೊಳಗೆ ರಕ್ತಸ್ರಾವ ತರಬಲ್ಲವು, ಮೂತ್ರಪಿಂಡಕ್ಕೂ ಪೆಟ್ಟು. ಪ್ಯಾರಾಸಿಟಮಾಲ್ ಒಂದೇ ಸಾಕು: ಮಕ್ಕಳಿಗೆ ಕಿಲೋ ತೂಕಕ್ಕೆ 10ರಿಂದ 15 ಮಿಲಿಗ್ರಾಂ, ದೊಡ್ಡವರಿಗೆ 500 ಅಥವಾ 650 ಮಿಲಿಗ್ರಾಂ, ಆರು ತಾಸಿಗೊಮ್ಮೆ. ಓಆರ್‌ಎಸ್ ಪೊಟ್ಟಣ ಒಂದು ಲೀಟರಿಗೆ ಒಂದು. ಜೊತೆಗೆ ಮಜ್ಜಿಗೆ, ಗಂಜಿ, ಎಳನೀರು. ನಾಲ್ಕರಿಂದ ಆರು ತಾಸಿಗೊಮ್ಮೆ ಮೂತ್ರ ಆಗುತ್ತಿದೆಯೇ ಎಂದು ನೋಡಿದರೆ ಮನೆಯವರಿಗೇ ಅರ್ಧ ಉತ್ತರ ಸಿಗುತ್ತದೆ. ಹಗಲೂ ಸೊಳ್ಳೆಪರದೆಯೊಳಗೆ ಮಲಗಬೇಕು; ಜ್ವರದ ಮೊದಲ ಐದು ದಿನ ರೋಗಿಯ ರಕ್ತದಲ್ಲಿ ವೈರಾಣು ಇರುತ್ತದೆ, ಆಗ ಕಚ್ಚಿದ ಸೊಳ್ಳೆಯೇ ಮುಂದಿನ ಮನೆಗೆ ಒಯ್ಯುತ್ತದೆ.

ಜನ ಮೋಸಹೋಗುವ ದಿನ ಯಾವುದೆಂದು ಜಿಲ್ಲೆಯ ಪ್ರತಿ ಔಷಧ ಅಂಗಡಿಯಲ್ಲೂ ಬರೆದು ಹಾಕಿಸಬೇಕು: ಜ್ವರ ಬಿಟ್ಟ ದಿನ. ಮೂರನೆಯ ದಿನದಿಂದ ಏಳನೆಯ ದಿನದ ನಡುವೆ, ಮೈ ತಣ್ಣಗಾದಾಗಲೇ ರಕ್ತನಾಳಗಳಿಂದ ನೀರಿನಂಶ ಸೋರಲು ಶುರುವಾಗುತ್ತದೆ. ಹೊಟ್ಟೆನೋವು ಬಿಡದಿರುವುದು, ಮತ್ತೆ ಮತ್ತೆ ವಾಂತಿ, ವಸಡು ಅಥವಾ ಮೂಗಿನಲ್ಲಿ ರಕ್ತ, ಕಪ್ಪು ಮಲ, ಕೈಕಾಲು ತಣ್ಣಗಾಗುವುದು, ಮಂಪರು ಅಥವಾ ಚಡಪಡಿಕೆ ಇವುಗಳಲ್ಲಿ ಒಂದು ಕಂಡರೂ ಆಸ್ಪತ್ರೆಗೆ ಹೊರಡಬೇಕು, ಬೆಳಗಾಗಲಿ ಎಂದು ಕಾಯಬಾರದು. ಎಲ್ಲರೂ ಪ್ಲೇಟ್‌ಲೆಟ್ ಸಂಖ್ಯೆ ಕೇಳುತ್ತಾರೆ, ಪಪ್ಪಾಯಿ ಎಲೆ ಹುಡುಕುತ್ತಾರೆ. ಜೀವ ಉಳಿಸುವ ಅಂಕಿ ಹಿಮ್ಯಾಟೊಕ್ರಿಟ್, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಪಾಲು. ಅದು ಏರುತ್ತಿದ್ದು ಪ್ಲೇಟ್‌ಲೆಟ್ ಇಳಿಯುತ್ತಿದ್ದರೆ ಸೋರಿಕೆ ನಡೆದಿದೆ ಎಂದರ್ಥ. ರಕ್ತಸ್ರಾವ ಇಲ್ಲದವರಿಗೆ ಪ್ಲೇಟ್‌ಲೆಟ್ 10,000ಕ್ಕಿಂತ ಕೆಳಗಿಳಿಯುವವರೆಗೆ ಪ್ಲೇಟ್‌ಲೆಟ್ ಏರಿಸುವ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ. ಹೆದರಿ ಏರಿಸಿಕೊಂಡ ಬಾಟಲಿಗಳ ಬಿಲ್ಲೇ ಎಷ್ಟೋ ಮನೆಗಳನ್ನು ಸಾಲಕ್ಕೆ ತಳ್ಳುತ್ತದೆ.

ಪರೀಕ್ಷೆಯ ದರವನ್ನು ಸರ್ಕಾರ 2024ರ ಜುಲೈನಲ್ಲೇ ಕಟ್ಟಿಹಾಕಿದೆ: ರಕ್ತದಲ್ಲಿ ವೈರಾಣುವಿನ ಅಂಶ ಹುಡುಕುವ ಎನ್‌ಎಸ್-1 ಎಲೈಸಾಗೆ 300, ಮೈ ತಯಾರಿಸಿದ ಪ್ರತಿಕಾಯ ಹುಡುಕುವ ಐಜಿಎಂ ಎಲೈಸಾಗೆ 300, ಬೇಗ ಫಲಿತಾಂಶ ಕೊಡುವ ಕಾರ್ಡ್ ಪರೀಕ್ಷೆಗೆ 250 ರೂಪಾಯಿ. ಪ್ರತಿ ಲ್ಯಾಬಿನ ಬಾಗಿಲಲ್ಲಿ ಈ ದರಪಟ್ಟಿ ಕಡ್ಡಾಯ ಮಾಡಿಸಿ. ಜ್ವರದ ಐದು ದಿನದೊಳಗೆ ಎನ್‌ಎಸ್-1, ಐದು ದಿನ ದಾಟಿದ ಮೇಲೆ ಐಜಿಎಂ. ಎರಡನೆಯ ದಿನ ಐಜಿಎಂ ಮಾಡಿಸಿ ‘ಡೆಂಗಿ ಇಲ್ಲ’ ಎಂದು ಮನೆಗೆ ಕಳಿಸುವುದು ಬಹಳ ಕಡೆ ಆಗುವ ತಪ್ಪು. ಸರ್ಕಾರಿ ಪ್ರಯೋಗಾಲಯಗಳಿಗೆ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ಐಜಿಎಂ ಕಿಟ್ ಬರುತ್ತದೆ. ಒಂದು ತಟ್ಟೆಯಲ್ಲಿ 96 ಗುಂಡಿ. ಮಾದರಿಗಳು ತುಂಬಲಿ ಎಂದು ಕಾದರೆ ವರದಿ ಬರುವಷ್ಟರಲ್ಲಿ ರೋಗಿಯ ಅಪಾಯದ ದಿನಗಳೇ ಕಳೆದಿರುತ್ತವೆ. ತಟ್ಟೆಯ ಪಟ್ಟಿಗಳನ್ನು ಬಿಡಿಸಿ, ಹಂಗಾಮಿನಲ್ಲಿ ದಿನ ಬಿಟ್ಟು ದಿನ ಪರೀಕ್ಷೆ ನಡೆಸುವ ಆದೇಶ ಬೇಕು. ಕಾರ್ಡಿನಲ್ಲಿ ಡೆಂಗಿ ಬಂದದ್ದನ್ನು ಸರ್ಕಾರಿ ಲೆಕ್ಕ ಶಂಕಿತ ಎಂದು ಮಾತ್ರ ಬರೆದುಕೊಳ್ಳುತ್ತದೆ. ಲೆಕ್ಕ ಹಾಗೇ ಇರಲಿ, ಆದರೆ ಆ ಓಣಿಯ ಬ್ಯಾರಲ್ ಪರೀಕ್ಷೆ ಕಾರ್ಡಿನ ಮರುದಿನವೇ ಶುರುವಾಗಬೇಕು.

ಈಗ ದುಡ್ಡಿನ ವಿಚಾರ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜಿನ ಶೇ 30ರಂತೆ 1.5 ಲಕ್ಷದವರೆಗೆ ನೆರವಿದೆ. ತುರ್ತು ಚಿಕಿತ್ಸೆ ಬಿಟ್ಟು ಉಳಿದದ್ದಕ್ಕೆ ಖಾಸಗಿ ಆಸ್ಪತ್ರೆಗೆ ಹೋಗಬೇಕಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಡೆಂಗಿ ರೋಗಿಯ ಸ್ಥಿತಿ ಸಂಜೆ, ರಾತ್ರಿಯೂ ಕೆಡಬಹುದು. ಸಿಂದಗಿಯಿಂದಲೋ ಮುದ್ದೇಬಿಹಾಳದಿಂದಲೋ ಗಾಡಿ ಮಾಡಿಕೊಂಡು ನೇರ ವಿಜಯಪುರದ ಖಾಸಗಿ ಆಸ್ಪತ್ರೆಗೆ ಬಂದ ಕುಟುಂಬಕ್ಕೆ ಚೀಟಿ ಇಲ್ಲ ಎಂಬ ಕಾರಣಕ್ಕೆ ನಗದು ಬಿಲ್ ಬೀಳುತ್ತದೆ. ಜುಲೈನಿಂದ ನವೆಂಬರ್‌ವರೆಗೆ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ರಾತ್ರಿಯೂ ರೆಫರಲ್ ಕೊಡುವ ಒಬ್ಬರು ಇರಲಿ, ಮತ್ತು ಅಪಾಯದ ಲಕ್ಷಣ ಇರುವ ಡೆಂಗಿಯನ್ನು ತುರ್ತು ಎಂದೇ ದಾಖಲಿಸುವಂತೆ ಲಿಖಿತ ಸೂಚನೆ ಹೋಗಲಿ. ಚಡಚಣ, ಇಂಡಿಯ ಗಡಿ ಊರುಗಳ ಜನ ಹತ್ತಿರವೆಂದು ಸೊಲ್ಲಾಪುರಕ್ಕೆ ಹೋಗುತ್ತಾರೆ. ಅಲ್ಲಿನ ಯಾವ ಆಸ್ಪತ್ರೆಯಲ್ಲಿ ನಮ್ಮ ಕಾರ್ಡ್ ನಡೆಯುತ್ತದೆ ಎಂಬ ಪಟ್ಟಿ ಆ ಪಂಚಾಯಿತಿಗಳ ಗೋಡೆಯ ಮೇಲೆ ಇರಬೇಕು, 14555 ಸಹಾಯವಾಣಿಯ ಜೊತೆಗೆ. ತಾಂಡಾಗಳಿಂದ ಗೋವೆಗೆ, ಮಹಾರಾಷ್ಟ್ರಕ್ಕೆ ದುಡಿಯಲು ಹೋಗುವವರ ಕಾರ್ಡುಗಳನ್ನು ಅವರು ಊರಲ್ಲಿರುವ ಬೇಸಿಗೆಯಲ್ಲೇ ಮಾಡಿಸಿಕೊಡಬೇಕು.

ಖಾಸಗಿ ವಿಮೆ ಇದ್ದವರ ಡೆಂಗಿ ಕ್ಲೇಮು ಬೀಳುವುದು ಬಹುಪಾಲು ಕಾಗದದ ಮೇಲೆ. ಪಾಲಿಸಿಗಳಲ್ಲಿ ನಾಲ್ಕನೆಯ ಪ್ರಮಾಣಿತ ಹೊರಗಿಡುವಿಕೆ ಎಂದೊಂದಿದೆ: ಬರೀ ತಪಾಸಣೆಗೆ, ನಿಗಾಕ್ಕೆ ಸೇರಿಸಿದ್ದರೆ ಹಣ ಕೊಡುವುದಿಲ್ಲ. ಡಿಸ್ಚಾರ್ಜ್ ಸಾರಾಂಶದಲ್ಲಿ ‘ಡೆಂಗಿ ಜ್ವರ, ಸಲಾಯಿನ್ ಕೊಡಲಾಯಿತು’ ಎಂದಷ್ಟೇ ಇದ್ದರೆ ಕಂಪನಿ ಇದೇ ಕಲಮು ತೋರಿಸುತ್ತದೆ. ಸೇರಿಸಲು ಕಾರಣವಾದ ಲಕ್ಷಣ, ರಕ್ತದೊತ್ತಡ, ಬಾಯಿಂದ ಕುಡಿಯಲು ಆಗುತ್ತಿತ್ತೇ ಇಲ್ಲವೇ, ದಿನದಿನದ ಹಿಮ್ಯಾಟೊಕ್ರಿಟ್ ಮತ್ತು ಪ್ಲೇಟ್‌ಲೆಟ್, ತೂಕ, ಗಂಟೆಗೆ ಎಷ್ಟು ದ್ರವ ಕೊಟ್ಟರು ಎಂಬ ಚಾರ್ಟ್ ಇವೆಲ್ಲ ಬರೆದಿರಬೇಕು. ಅಪಾಯದ ಲಕ್ಷಣ ಇರುವವರಿಗೆ ಮೊದಲ ಒಂದೆರಡು ತಾಸು ಕಿಲೋ ತೂಕಕ್ಕೆ ಗಂಟೆಗೆ 5ರಿಂದ 7 ಮಿಲಿಲೀಟರ್ ಕೊಟ್ಟು, ರಕ್ತ ನೋಡಿ ಇಳಿಸುತ್ತ ಬರುವುದು ಒಪ್ಪಿತ ಕ್ರಮ. ಆ ಚಾರ್ಟ್ ಇದ್ದರೆ ರೋಗಿಯೂ ಉಳಿಯುತ್ತಾನೆ, ಕ್ಲೇಮೂ ಉಳಿಯುತ್ತದೆ. ಜಿಲ್ಲಾ ಆರೋಗ್ಯಾಧಿಕಾರಿಗಳು ಇಂಥ ಒಂದು ಪುಟದ ನಮೂನೆ ಮಾಡಿ ಎಲ್ಲ ನರ್ಸಿಂಗ್ ಹೋಮ್‌ಗಳಿಗೆ ಕೊಟ್ಟರೆ ಸಾಕು.

ಆಸ್ಪತ್ರೆಯ ನೋಂದಣಿಯ ಗೊಂದಲ ಇನ್ನೊಂದು. ನೋಂದಣಿ ಇಲ್ಲದ ಆಸ್ಪತ್ರೆಯಾದರೆ, 10 ಲಕ್ಷಕ್ಕಿಂತ ಕಡಿಮೆ ಜನ ಇರುವ ಊರಲ್ಲಿ ಕನಿಷ್ಠ 10 ಹಾಸಿಗೆ, ಹಗಲು ರಾತ್ರಿ ದಾದಿಯರು ಮತ್ತು ವೈದ್ಯರು, ಶಸ್ತ್ರಚಿಕಿತ್ಸಾ ಕೊಠಡಿ ಇವೆಲ್ಲ ಇದ್ದರೆ ಮಾತ್ರ ವಿಮೆಯ ಭಾಷೆಯಲ್ಲಿ ಅದು ಆಸ್ಪತ್ರೆ. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಚಾಲ್ತಿ ಇರುವ ಆಸ್ಪತ್ರೆಗಳ ಪಟ್ಟಿಯನ್ನು ಜಿಲ್ಲಾಧಿಕಾರಿಗಳು ಮಳೆಗಾಲದ ಮುಂಚೆ ಪ್ರಕಟಿಸಲಿ. ಜೀವ ಕೈಯಲ್ಲಿ ಹಿಡಿದು ಬಂದವರು ಗೋಡೆಗೆ ತೂಗುಹಾಕಿದ ಪ್ರಮಾಣಪತ್ರದ ತಾರೀಖು ಓದುವುದಿಲ್ಲ.

2024ರ ಮೇ ತಿಂಗಳ ವಿಮಾ ನಿಯಂತ್ರಣ ಪ್ರಾಧಿಕಾರದ ಸುತ್ತೋಲೆಯಂತೆ ನಗದುರಹಿತ ಚಿಕಿತ್ಸೆಗೆ ಕಂಪನಿ ಒಂದು ಗಂಟೆಯೊಳಗೆ ಉತ್ತರಿಸಬೇಕು, ಬಿಡುಗಡೆಯ ಮಂಜೂರಾತಿ ಮೂರು ಗಂಟೆಯೊಳಗೆ ಕೊಡಬೇಕು. ಕ್ಲೇಮು ತಿರಸ್ಕರಿಸಲು ಪರಿಶೀಲನಾ ಸಮಿತಿಯ ಒಪ್ಪಿಗೆ ಬೇಕು. ಕಂಪನಿಗೆ ದೂರು ಕೊಟ್ಟು 30 ದಿನ ಕಳೆದರೂ ನ್ಯಾಯ ಸಿಗದಿದ್ದರೆ ಬೆಂಗಳೂರಿನ ವಿಮಾ ಲೋಕಪಾಲರಿಗೆ ಶುಲ್ಕವಿಲ್ಲದೆ ದೂರಬಹುದು. ಇದನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಆಸ್ಪತ್ರೆಗಳ ಬಿಲ್ಲಿಂಗ್ ಕಿಟಕಿಗೆ ಅಂಟಿಸಲು ಒಂದು ಆದೇಶ ಸಾಕು.

ಕಂತಿನ ವಿಚಾರದಲ್ಲಿ ನಮ್ಮ ಜಿಲ್ಲೆಯ ಪಂಚಾಂಗವೇ ಬೇರೆ. ಮೇ, ಜೂನ್‌ನಲ್ಲಿ ರೈತನ ಕೈಯಲ್ಲಿ ದುಡ್ಡಿರುವುದಿಲ್ಲ. ಬೀಜ, ಗೊಬ್ಬರ, ಮಕ್ಕಳ ಶಾಲೆ ಎಲ್ಲ ಒಟ್ಟಿಗೆ ಬರುತ್ತವೆ, ಕಬ್ಬಿನ ಬಿಲ್ಲು ಬಾಕಿ ಇದ್ದರಂತೂ ಹೇಳುವುದೇ ಬೇಡ. ಪ್ರಧಾನಮಂತ್ರಿ ಜೀವನ್ ಜ್ಯೋತಿ ವಿಮೆಯ 436 ರೂಪಾಯಿ ಖಾತೆಯಿಂದ ಕಡಿತವಾಗುವುದು ಇದೇ ಮೇ ಕೊನೆಯಲ್ಲಿ. ಅಂದು ಖಾತೆಯಲ್ಲಿ ಹಣ ಇಲ್ಲದಿದ್ದರೆ ಪಾಲಿಸಿ ನಿಲ್ಲುತ್ತದೆ. ಜುಲೈನಲ್ಲಿ ಮತ್ತೆ ಸೇರಿದರೂ ಅಪಘಾತವಲ್ಲದ ಸಾವಿಗೆ 30 ದಿನ ರಕ್ಷಣೆ ಇರುವುದಿಲ್ಲ. ಆ ನಡುವೆ ಡೆಂಗಿಯಿಂದ ಮನೆಯ ದುಡಿಯುವವರು ಹೋದರೆ ವಿಮೆಯ 2 ಲಕ್ಷವೂ ಹೋಯಿತು. 20 ರೂಪಾಯಿಯ ಸುರಕ್ಷಾ ಬಿಮಾ ಇದೆಯಲ್ಲ ಎಂದು ಕೆಲವರು ಸಮಾಧಾನ ಮಾಡಿಕೊಳ್ಳುತ್ತಾರೆ. ಅದು ಅಪಘಾತಕ್ಕೆ ಮಾತ್ರ. ಇಂಥದೇ ಇನ್ನೊಂದು ವಿಮೆಯಲ್ಲಿ, ಸೊಳ್ಳೆ ಕಚ್ಚಿ ಮಲೇರಿಯಾದಿಂದ ಆದ ಸಾವು ಅಪಘಾತವಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲೇ ತೀರ್ಪು ಕೊಟ್ಟಿದೆ. ಜಿಲ್ಲೆಯ ಬ್ಯಾಂಕುಗಳ ಕೆಲಸ ಹೊಂದಿಸುವ ಲೀಡ್ ಬ್ಯಾಂಕ್ ಮೂಲಕ ಮೇ 15ರೊಳಗೆ ಪ್ರತಿ ಬ್ಯಾಂಕ್ ಶಾಖೆ, ಅಂಚೆ ಕಚೇರಿ ತನ್ನಲ್ಲಿ ಈ ಎರಡೂ ಕಂತು ಸೇರಿದ 456 ರೂಪಾಯಿಗಿಂತ ಕಡಿಮೆ ಇರುವ ವಿಮಾದಾರ ಖಾತೆಗಳ ಪಟ್ಟಿ ತೆಗೆದು, ಊರಿನ ಬ್ಯಾಂಕ್ ಮಿತ್ರರ ಮೂಲಕ ಆ ಮನೆಗಳಿಗೆ ಸುದ್ದಿ ಮುಟ್ಟಿಸಲಿ.

ಸಹಕಾರ ಸಂಘಗಳ ಸದಸ್ಯರಿಗಾಗಿರುವ ಯಶಸ್ವಿನಿ ಆರೋಗ್ಯ ಯೋಜನೆಯಲ್ಲಿ ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ನಗರದಲ್ಲಿ 1,000. ಮೊತ್ತ ದೊಡ್ಡದಲ್ಲ, ನೋಂದಣಿಯ ಕಿಟಕಿ ತೆರೆದಿರುವಾಗ ಕೈಯಲ್ಲಿ ಇಲ್ಲದಿರುವುದೇ ತೊಂದರೆ. ಪಿಕೆಪಿಎಸ್‌ಗಳು (ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳು) ಸದಸ್ಯರ ಪರವಾಗಿ ಕಟ್ಟಿ, ಕಬ್ಬಿನ ಬಿಲ್ಲಿನಲ್ಲೋ ಹಾಲಿನ ಬಟವಾಡೆಯಲ್ಲೋ ಬಡ್ಡಿಯಿಲ್ಲದೆ ಮುರಿದುಕೊಳ್ಳುವ ಏರ್ಪಾಡನ್ನು ತಾವು ಸಹಕಾರ ಇಲಾಖೆಯಿಂದ ಮಾಡಿಸಬಹುದು. ಮನೆಮನೆಗೆ ಹೋಗಿ ಬ್ಯಾರಲ್ಲಿನಲ್ಲಿ ಕೈಯಿಟ್ಟು ಹುಳು ಹುಡುಕುವ ಸಮೀಕ್ಷಾ ಸಿಬ್ಬಂದಿ, ನೀರುಗಂಟಿಗಳು, ಔಷಧ ಸಿಂಪಡಿಸುವವರು ಇವರ ಕಂತನ್ನು ಜಿಲ್ಲಾಡಳಿತವೇ ಕಟ್ಟಬೇಕು. ಅವರು ಹಗಲೆಲ್ಲ ಸೊಳ್ಳೆಯ ನಡುವೆ ಇರುವವರು.

ಖಾಸಗಿ ಆರೋಗ್ಯ ವಿಮೆಯಲ್ಲಿ ವೈಯಕ್ತಿಕ ಮತ್ತು ಕುಟುಂಬ ಪಾಲಿಸಿಗಳಿಗಿದ್ದ ಶೇ 18ರ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಹೋಗಿದೆ. ಗುಂಪು ವಿಮೆಗಳಿಗೆ ಆ ರಿಯಾಯಿತಿ ಇಲ್ಲ. ಸಹಕಾರಿ ಸಂಘಗಳು, ಸಣ್ಣ ಅಂಗಡಿ, ಕಾರ್ಖಾನೆಗಳು ಕೆಲಸಗಾರರಿಗೆ ಮಾಡಿಸುವುದು ಇದನ್ನೇ. ಜಿಎಸ್‌ಟಿ ಮಂಡಳಿಯಲ್ಲಿ ರಾಜ್ಯದ ಪರವಾಗಿ ಈ ಮಾತು ಎತ್ತಿಸಿ. ಇನ್ನೊಂದು, ನವೀಕರಣದ ಕಾಲಾವಕಾಶ. ವರ್ಷದ ಕಂತು ಒಟ್ಟಿಗೆ ಕಟ್ಟುವ ಪಾಲಿಸಿಗೆ ಅವಧಿ ಮುಗಿದ ಮೇಲೆ 30 ದಿನ ಅವಕಾಶ ಇದೆ. ಆ ದಿನಗಳಲ್ಲಿ ಕಟ್ಟಿದರೆ ಹಿಂದಿನ ವರ್ಷಗಳ ಕಾಯುವ ಅವಧಿಯ ಲಾಭ ಉಳಿಯುತ್ತದೆ, ಆದರೆ ಕಟ್ಟದ ದಿನಗಳಲ್ಲಿ ಆಸ್ಪತ್ರೆ ಸೇರಿದರೆ ಹಣ ಸಿಗುವುದಿಲ್ಲ. ಪಾಲಿಸಿ ವರ್ಷದೊಳಗೆ ಕಂತುಗಳಲ್ಲಿ ಕಟ್ಟುವವರಿಗೆ ಕಾಲಾವಕಾಶದ ದಿನಗಳಲ್ಲೂ ರಕ್ಷಣೆ ಇರುತ್ತದೆ, ತಿಂಗಳ ಕಂತಿಗೆ ಆ ಅವಕಾಶ 15 ದಿನ. ಒಟ್ಟಿಗೆ ಹೊಂದಿಸಲಾಗದ ಮನೆಗಳಿಗೆ ಕಂತಿನ ಪಾಲಿಸಿ ಮೇಲು ಎಂದು ಏಜೆಂಟರು ಹೇಳಬೇಕು.

2020ರಲ್ಲಿ ಕೊರೊನಾ ಲಾಕ್‌ಡೌನ್ ದಿನಗಳಲ್ಲಿ ಕೇಂದ್ರ ಹಣಕಾಸು ಸಚಿವಾಲಯ ಒಂದು ದಾರಿ ಹಾಕಿಕೊಟ್ಟಿತ್ತು. ಮಾರ್ಚ್ 25ರಿಂದ ಮೇ 3ರ ನಡುವೆ ನವೀಕರಣ ಬಂದ ಆರೋಗ್ಯ ಪಾಲಿಸಿಗಳಿಗೆ ಮೇ 15ರವರೆಗೆ ಕಟ್ಟಲು ಬಿಟ್ಟು, ರಕ್ಷಣೆ ಮಾತ್ರ ತುಂಡಾಗದಂತೆ ನೋಡಿಕೊಂಡಿತು. ಅದನ್ನೇ ಡೆಂಗಿಗೂ ಕೇಳಿ. ಯಾವ ಜಿಲ್ಲೆ ಅಥವಾ ತಾಲ್ಲೂಕಿನಲ್ಲಿ ರೋಗ ಹೆಚ್ಚಾಗಿದೆ ಎಂದು ರಾಜ್ಯ ಅಧಿಸೂಚಿಸುತ್ತದೋ ಅಲ್ಲಿ ಅಧಿಸೂಚನೆಯ ದಿನದಿಂದ 45 ದಿನ, ನವೀಕರಣದ ಹಣ ತಡವಾದರೂ ರಕ್ಷಣೆ ಮುಂದುವರಿಯಲಿ. ಹೊಸಬರಿಗೆ ಇದು ಬೇಡ. ಈಗಾಗಲೇ ವರ್ಷಗಟ್ಟಲೆ ಕಟ್ಟುತ್ತ ಬಂದವರಿಗೆ ಮಾತ್ರ ಸಾಕು, ಕಂಪನಿಗಳೂ ವಿರೋಧಿಸಲು ಕಾರಣ ಇರುವುದಿಲ್ಲ. ಆಸ್ಪತ್ರೆಯಲ್ಲಿ 24 ತಾಸು ಇರಲೇಬೇಕೆಂಬ ನಿಯಮವನ್ನೂ ಡೆಂಗಿಯ ಮಟ್ಟಿಗೆ ಸಡಿಲಿಸಲು ಪ್ರಾಧಿಕಾರಕ್ಕೆ ಬರೆಯಿರಿ. ಆರೆಂಟು ತಾಸು ಸಲಾಯಿನ್ ಹಚ್ಚಿಸಿಕೊಂಡು ಮನೆಗೆ ಹೋಗಬಹುದಾದ ರೋಗಿ ಬರೀ ಕ್ಲೇಮಿಗಾಗಿ ರಾತ್ರಿಯೆಲ್ಲ ಮಂಚ ಹಿಡಿದಿರುತ್ತಾನೆ, ನಿಜಕ್ಕೂ ಸೋರಿಕೆಯಲ್ಲಿರುವ ಮಗು ವರಾಂಡದಲ್ಲಿ ಕಾಯುತ್ತದೆ.

ತಾವು ನಡೆಸುವ ಮುಂದಿನ ಕೆಡಿಪಿ (ಜಿಲ್ಲಾ ಪ್ರಗತಿ ಪರಿಶೀಲನಾ) ಸಭೆಗೆ ಈ ನಾಲ್ಕು ಕಾಗದ ತರಿಸಿ: ಪ್ರತಿ ಓಣಿ ಮತ್ತು ಹಳ್ಳಿಯ ನೀರಿನ ಪಾಳಿಯ ತಾರೀಖುಪಟ್ಟಿ, ಓಣಿವಾರು ಮನೆ ಸೂಚ್ಯಂಕ, ರಾತ್ರಿ ರೆಫರಲ್ ಕೊಡುವವರ ಹೆಸರುಗಳ ತಾಲ್ಲೂಕುವಾರು ಪಟ್ಟಿ, ಮತ್ತು ಕಳೆದ ಜೂನ್‌ನಲ್ಲಿ ಹಣವಿಲ್ಲದೆ ನಿಂತುಹೋದ ಜೀವನ್ ಜ್ಯೋತಿ ಪಾಲಿಸಿಗಳ ಬ್ಯಾಂಕ್‌ವಾರು ಸಂಖ್ಯೆ. ಮೊದಲನೆಯದನ್ನು ನಗರದ ನೀರು ಸರಬರಾಜು ಎಂಜಿನಿಯರರೂ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳೂ, ಕೊನೆಯದನ್ನು ಲೀಡ್ ಬ್ಯಾಂಕ್ ವ್ಯವಸ್ಥಾಪಕರೂ ಕೊಡಬಲ್ಲರು. ಡಿಸ್ಚಾರ್ಜ್ ನಮೂನೆಯ ಕರಡನ್ನೂ ಕನ್ನಡದ ವಿಮಾ ಸೂಚನಾಪಟ್ಟಿಯನ್ನೂ ನಾವೇ ಬರೆದು ಜಿಲ್ಲಾ ಆರೋಗ್ಯ ಕಚೇರಿಗೆ ಮುಟ್ಟಿಸಲು ಸಿದ್ಧರಿದ್ದೇವೆ.

ಇತಿ ತಮ್ಮ ವಿಶ್ವಾಸಿಗಳು,
ಆರೋಗ್ಯ ಮತ್ತು ವಿಮಾ ಕ್ಷೇತ್ರದಲ್ಲಿ ದುಡಿಯುವ ವಿಜಯಪುರ ಜಿಲ್ಲೆಯ ನಾಗರಿಕರು